ರೆಡಿ ಕಿಟ್ಟೋ, ಬಿಡಿ ಸಾಮಾನೋ? ಕೆಸರಿಗೆ ಇಳಿಯುವ ಮುಂಚೆ ಗಾಡಿಯಲ್ಲಿ ಇರಬೇಕಾದ್ದು

ಮಂಡ್ಯ, ಮೈಸೂರು ಕಡೆ ಹೊಸದಾಗಿ ಆಫ್‌ರೋಡ್ ಶುರು ಮಾಡಿದವರು ‘ಮೊದಲು ಏನು ತಗೊಳ್ಳಲಿ’ ಅಂತ ಕೇಳಿದರೆ ನನ್ನ ಉತ್ತರ ಚಿಕ್ಕದು. ಎರಡು ರಿಕವರಿ ಬೋರ್ಡು (ಹೂತ ಚಕ್ರದ ಕೆಳಗೆ ತೂರಿಸುವ, ಹಲ್ಲಿರುವ ಪ್ಲಾಸ್ಟಿಕ್ ಹಲಗೆ), ಒಂದು ಗಟ್ಟಿ ಸಲಿಕೆ, ಟೈರಿಗೆ ಗಾಳಿ ಹಾಕುವ ಕಂಪ್ರೆಸರ್. ಗಾಡಿ ಎಳೆಯುವ ಹಗ್ಗ, ಬೆಲ್ಟು ಆಮೇಲೆ. ಮಾರುವವರು ಹೇಳುವುದು ಇದರ ಉಲ್ಟಾ. ಬೆಲ್ಟು, ಅದನ್ನು ಗಾಡಿಗೆ ಸಿಕ್ಕಿಸುವ ಕೊಂಡಿ ಅಂದರೆ ಶಾಕಲ್, ಎಲ್ಲ ಒಂದೇ ಬ್ಯಾಗಿನಲ್ಲಿ ತುಂಬಿ ‘ರಿಕವರಿ ಕಿಟ್’ ಅಂತ ಕೊಡುತ್ತಾರೆ. ಬೋರ್ಡು ಅದರಲ್ಲಿ ಇರುವುದಿಲ್ಲ.

ನಮ್ಮ ಮನೆಯಲ್ಲಿ ಎರಡೂ ಥರ ಇವೆ. ಭಾವ ತಮ್ಮ ಥಾರ್‌ಗೆ ಆನ್‌ಲೈನ್‌ನಲ್ಲಿ ರೆಡಿ ಕಿಟ್ ತರಿಸಿದರು. ನಾನು ನನ್ನ ಹಳೇ ಜಿಪ್ಸಿಗೆ ಒಂದೊಂದೇ ಸಾಮಾನು ಹುಡುಕಿ ಕೊಂಡೆ. ಅವರ ಜಮೀನು ಪಾಂಡವಪುರದ ಹತ್ತಿರ. ಮಳೆಗಾಲದಲ್ಲಿ ಅಲ್ಲಿನ ಗದ್ದೆ ದಾರಿ, ಬೇಸಿಗೆಯಲ್ಲಿ ನೀರು ಸರಿದ ಕನ್ನಂಬಾಡಿ ಹಿನ್ನೀರಿನ ಅಂಚು, ಎರಡೂ ಕಡೆ ಸಾಮಾನು ಅದಲು ಬದಲು ಮಾಡಿ ನೋಡಿದ್ದೇವೆ.

ಕಿಟ್ ನೋಡೋಕೆ ಚೆಂದ. 9 ಮೀಟರ್ ಬೆಲ್ಟು, ಎರಡು ಕಬ್ಬಿಣದ ಶಾಕಲ್, ಮಡಚುವ ಸಲಿಕೆ, ಕೈಗವಸು, ಹರಿದರೆ ಹಾರದಂತೆ ಬೆಲ್ಟಿನ ಮೇಲೆ ಹೊದಿಸುವ ಡ್ಯಾಂಪರ್. ಸಲಿಕೆ ಮೊದಲ ಕೆಸರಿಗೇ ಕತ್ತಿನ ಹತ್ತಿರ ಬಾಗಿತು. ಕೈಗವಸು ನಿಜಕ್ಕೂ ಚೆನ್ನಾಗಿವೆ, ಅದನ್ನು ನಾನೇ ಇಟ್ಟುಕೊಂಡಿದ್ದೇನೆ.

ಬೆಲ್ಟಿನ ಮೇಲೆ ‘20 ಟನ್’ ಅಂತ ದಪ್ಪ ಅಕ್ಷರ. ಅದು ಹರಿಯುವ ಭಾರವೋ, ಧೈರ್ಯವಾಗಿ ಎಳೆಯಬಹುದಾದ ಭಾರವೋ, ಎಲ್ಲೂ ಬರೆದಿಲ್ಲ. ಒಳ್ಳೆಯ ಶಾಕಲ್ ಮೇಲೆ ‘ಡಬ್ಲ್ಯುಎಲ್ಎಲ್ 4.75 ಟನ್’ ಅಂತ ಅಚ್ಚು ಒತ್ತಿರುತ್ತಾರೆ. ಅದು ಕೆಲಸದ ಭಾರ. ಮುರಿಯಬೇಕಾದರೆ ಅದರ ಐದಾರು ಪಟ್ಟು ಬೀಳಬೇಕು. ಬೆಲ್ಟಿನ ಮೇಲೆ ಬರೆಯುವುದು ಸಾಮಾನ್ಯವಾಗಿ ಹರಿಯುವ ಭಾರ. ಎರಡನ್ನೂ ಒಂದೇ ತಕ್ಕಡಿಗೆ ಹಾಕಿ ‘ಬೆಲ್ಟು 20, ಶಾಕಲ್ ಬರೀ 4.75’ ಅಂತ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

‘ಟನ್ ಜಾಸ್ತಿ ಇದ್ದರೆ ಒಳ್ಳೇದೇ ಅಲ್ವಾ?’ ಅಂತ ಭಾವ ಕೇಳಿದರು. ಅಲ್ಲ. ಸ್ನ್ಯಾಚ್ ಬೆಲ್ಟು, ಅಂದರೆ ಗಾಡಿ ಓಡಿ ಬಂದು ಜಗ್ಗುವ ಈ ಥರದ ಬೆಲ್ಟು, ಕೆಲಸ ಮಾಡುವುದೇ ಹಿಗ್ಗುವುದರಿಂದ. ನೈಲಾನ್ ಬೆಲ್ಟು ಸುಮಾರು 20 ಪರ್ಸೆಂಟ್, ಹೆಣೆದ ಕೈನೆಟಿಕ್ ಹಗ್ಗ 30ರವರೆಗೂ ಹಿಗ್ಗುತ್ತದೆ. ಎಳೆಯುವ ಗಾಡಿ ಸ್ವಲ್ಪ ಓಡಿ ಬಂದಾಗ ಆ ಬಲವನ್ನು ಹಗ್ಗ ತುಂಬಿಕೊಂಡು ಕೆಸರಿನಲ್ಲಿ ಸಿಕ್ಕಿಕೊಂಡ ಗಾಡಿಯನ್ನು ಮೆತ್ತಗೆ ಹೊರಗೆ ತರುತ್ತದೆ. ಅದಕ್ಕೇ ಹರಿಯುವ ಭಾರ ಗಾಡಿಯ ತುಂಬಿದ ತೂಕದ ಎರಡು, ಮೂರು ಪಟ್ಟು ಇರಬೇಕು ಅನ್ನುತ್ತಾರೆ. ನನ್ನ ಜಿಪ್ಸಿ ಜನ, ಸಾಮಾನು ಸೇರಿದರೂ ಒಂದೂವರೆ ಟನ್ ಆಸುಪಾಸು. ಅದಕ್ಕೆ ನಾಲ್ಕೂವರೆ ಟನ್ ಬೆಲ್ಟು ಸಾಕು. ಇಷ್ಟು ಹಗುರದ ಗಾಡಿಗೆ 20 ಟನ್ ಬೆಲ್ಟು ಹಿಗ್ಗುವುದೇ ಇಲ್ಲ, ಜರ್ಕ್ ಎಲ್ಲ ಸೀದಾ ಚಾಸಿಗೆ, ಅಂದರೆ ಗಾಡಿಯ ಅಡಿಯ ಚೌಕಟ್ಟಿಗೆ, ಬೀಳುತ್ತದೆ.

ಅದಿರಲಿ, ನಮ್ಮನ್ನು ಎಳೆಯೋರು ಯಾರು?

ದೊಡ್ಡ ಗುಂಪಿನಲ್ಲಿ ಐದಾರು ಗಾಡಿ ಹೋದರೆ ಒಂದು ಇನ್ನೊಂದನ್ನು ಎಳೆಯುತ್ತದೆ. ನಾವು ಹೋಗುವುದು ಭಾನುವಾರ ಬೆಳಿಗ್ಗೆ, ಒಂದೋ ಎರಡೋ ಗಾಡಿ. ಚಕ್ರ ಹೂತು ಸದ್ದು ಬಂದ ಸ್ವಲ್ಪ ಹೊತ್ತಿಗೆ ಬದುವಿನ ಮೇಲೆ ಯಾರೋ ಬಂದು ನಿಂತು, ‘ಏನ್ ಸ್ವಾಮಿ, ಟ್ರ್ಯಾಕ್ಟ್ರು ತರ್ಲಾ?’ ಅಂತ ಕೇಳುತ್ತಾರೆ. ಕಬ್ಬಿನ ಸೀಮೆಯಲ್ಲಿ ಟ್ರ್ಯಾಕ್ಟರಿಗೆ ಬರ ಇಲ್ಲ. ಡೀಸೆಲ್‌ಗೆ ಅಂತ ಐನೂರು ಕೊಟ್ಟರೆ ಕೆಲವರು ತಗೊಳ್ಳುತ್ತಾರೆ, ಕೆಲವರು ಬೈದು ವಾಪಸ್ ಕೊಡುತ್ತಾರೆ.

ಟ್ರ್ಯಾಕ್ಟರ್ ಓಡಿ ಬಂದು ಎಳೆಯುವುದಿಲ್ಲ. ಕಡಿಮೆ ಗೇರಿನಲ್ಲಿ ನಿಧಾನವಾಗಿ, ಬಿಡದೆ ಎಳೆಯುತ್ತದೆ. ಅದಕ್ಕೆ ಹಿಗ್ಗುವ ಹಗ್ಗ ಬೇಕಿಲ್ಲ. ಹಾಕಿದರೆ ತೊಂದರೆಯೇ ಜಾಸ್ತಿ: ಹಗ್ಗ ಉದ್ದವಾಗುತ್ತಾ ಹೋಗಿ, ಕೆಸರು ಬಿಟ್ಟ ತಕ್ಷಣ ಗಾಡಿ ಟ್ರ್ಯಾಕ್ಟರಿನ ಬೆನ್ನಿಗೆ ಹಾರುತ್ತದೆ. ಹಿಗ್ಗದ ಪಾಲಿಯೆಸ್ಟರ್ ಟೋ ಬೆಲ್ಟು ಸಾಕು. ಬೆಲೆಯೂ ಕೈನೆಟಿಕ್ ಹಗ್ಗದ ಮೂರನೇ ಒಂದು ಭಾಗ ಇರಬಹುದು. ಎರಡೂ ತುದಿಯಲ್ಲಿ ಹೊಲಿದ ಕುಣಿಕೆ ಇರಬೇಕು, ಕಬ್ಬಿಣದ ಕೊಕ್ಕೆ ಇರುವುದು ಬೇಡ. ಬೆಲ್ಟು ಹರಿದರೆ ಆ ಕೊಕ್ಕೆ ಗುಂಡಿನ ಹಾಗೆ ಬರುತ್ತದೆ. ಟ್ರೈಲರ್ ಸಿಕ್ಕಿಸುವ ಪಿನ್ನಿಗೆ ಕುಣಿಕೆ ಸೀದಾ ಕೂರುತ್ತದೆ. ಅದಕ್ಕಿಂತ ಮೇಲೆ ಎಲ್ಲಿಗೂ ಕಟ್ಟಲು ಬಿಡಬೇಡಿ, ಎತ್ತರದಿಂದ ಎಳೆದರೆ ಟ್ರ್ಯಾಕ್ಟರ್ ಮುಂಭಾಗ ಎದ್ದು ಹಿಂದಕ್ಕೆ ಮಗುಚುವ ಅಪಾಯ ಇದೆ. ಅವರ ಹತ್ತಿರ ಸರಪಳಿ ಇದ್ದೇ ಇರುತ್ತದೆ, ‘ಇದ್ರಲ್ಲೇ ಕಟ್ಟಿ’ ಅಂತಾರೆ. ವಿನಯದಿಂದ ಬೇಡ ಅನ್ನಿ. ಸರಪಳಿ ಒಂಚೂರೂ ಬಗ್ಗುವುದಿಲ್ಲ, ತಂತಿ ಹಗ್ಗ ತುಂಡಾದರೆ ಇನ್ನೂ ಕೆಟ್ಟದು.

ಜನ ಸೇರುವುದು ಇನ್ನೊಂದು ಸಮಸ್ಯೆ. ಹುಡುಗರು ಬೆಲ್ಟಿನ ಪಕ್ಕದಲ್ಲೇ ನಿಂತು ವಿಡಿಯೋ ಮಾಡುತ್ತಾರೆ. ಬೆಲ್ಟಿನ ಉದ್ದದ ಒಂದೂವರೆ ಪಟ್ಟು ದೂರಕ್ಕೆ ಕಳಿಸದೆ ಎಳೆಯಲು ಶುರು ಮಾಡಬಾರದು. ಡ್ಯಾಂಪರ್ ಇಲ್ಲದಿದ್ದರೆ ಒದ್ದೆ ಗೋಣಿಚೀಲ ಹೊದಿಸಿ.

ಈಗ ನನ್ನನ್ನು ನಿಜವಾಗಿ ಸುಸ್ತು ಮಾಡಿದ ಸಾಮಾನಿನ ವಿಷಯ: ಶಾಕಲ್. ಬೆಲ್ಟು ಯಾವುದು ಅಂತ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಅದನ್ನು ಗಾಡಿಗೆ ಎಲ್ಲಿ ಸಿಕ್ಕಿಸೋದು ಅಂತ ಯಾರೂ ಕೇಳುವುದಿಲ್ಲ.

ನನ್ನ ಜಿಪ್ಸಿಗೆ ಹಿಂದಿನ ಮಾಲೀಕರು ಕಬ್ಬಿಣದ ಬಂಪರ್ ಹಾಕಿಸಿದ್ದರು. ಅದಕ್ಕೆ ಶಾಕಲ್ ಸಿಕ್ಕಿಸಲು ತೂತಿರುವ ಎರಡು ಕಿವಿ ವೆಲ್ಡ್ ಮಾಡಿಸಿ, ಕೆಂಪು ಬಣ್ಣ ಬಳಿಸಿ, ‘ರಿಕವರಿ ಪಾಯಿಂಟ್ ಸಾರ್’ ಅಂತ ಹೇಳಿ ಕೊಟ್ಟಿದ್ದರು. ಕಿಟ್‌ನಲ್ಲಿದ್ದ 4.75 ಟನ್ ಶಾಕಲ್ ತಂದು ಹಿಡಿದರೆ ಪಿನ್ನು ಒಳಗೆ ಹೋಗಲಿಲ್ಲ. ಆ ಸೈಜಿನ ಪಿನ್ನು 22 ಮಿಲಿಮೀಟರ್ ದಪ್ಪ, ಕಿವಿಯ ತೂತು 18. ಸರಿ, ಚಿಕ್ಕದು ತರೋಣ ಅಂತ ಮೈಸೂರಿನ ಸಂತೇಪೇಟೆಗೆ ಹೋಗಿ 3.25 ಟನ್‌ದು ತಂದೆ. ಅದರ ಪಿನ್ನು 19. ಒಂದೇ ಒಂದು ಮಿಲಿಮೀಟರ್! ಬಣ್ಣ ಕೆರೆದೆ, ಅರದಲ್ಲಿ ಉಜ್ಜಿದೆ, ಸುತ್ತಿಗೆಯಲ್ಲಿ ತಟ್ಟಿದೆ. ಇಲ್ಲ. ಇನ್ನೂ ಚಿಕ್ಕದು ತಂದರೆ ಒಳಗೆ ಹೋಗುತ್ತದೆ ನಿಜ, ಆದರೆ ಕೆಸರು ಹಿಡಿದ ಗಾಡಿಗೆ ಅಷ್ಟು ಸಣ್ಣ ಶಾಕಲ್ ನಂಬುವ ಧೈರ್ಯ ನನಗಿಲ್ಲ.

ತೂತು ದೊಡ್ಡದು ಮಾಡಿಸೋಣ ಅಂತ ಲೇತ್ ಅಂಗಡಿಗೆ ಹೋದೆ. ಅಲ್ಲಿನ ಮೇಸ್ತ್ರಿ ಕಿವಿಯನ್ನು ಬೆರಳಲ್ಲಿ ಹಿಡಿದು ನೋಡಿ, ‘ತೂತು ದೊಡ್ಡದಾದ್ರೆ ಅಂಚು ಉಳಿಯಲ್ಲ ಸಾರ್, ಎಳೆದ್ರೆ ಹರ್ಕೊಂಡು ಬರುತ್ತೆ’ ಅಂದರು. ಆಮೇಲೆ ಟಾರ್ಚ್ ಹಾಕಿ ಬಂಪರಿನ ಹಿಂದೆ ತೋರಿಸಿದರು. ಕಿವಿಗಳು ಕೂತಿದ್ದು ಬಂಪರಿನ ತಗಡಿನ ಮೇಲೆ. ಚಾಸಿಗೂ ಅವಕ್ಕೂ ಸಂಬಂಧವೇ ಇಲ್ಲ. ವೆಲ್ಡಿಂಗ್ ಒಂದು ಬದಿ ಮಾತ್ರ, ಇನ್ನೊಂದು ಬದಿಗೆ ಬರೀ ಬಣ್ಣ. ಶಾಕಲ್ ಪಿನ್ನು ಸಲೀಸಾಗಿ ಹೋಗಿದ್ದರೆ ಈ ಬಂಪರ್ ಹಿಂದೆ ಇಣುಕುವ ಪ್ರಶ್ನೆಯೇ ಬರುತ್ತಿರಲಿಲ್ಲ.

ಕೊನೆಗೆ ಮಾಡಿಸಿದ್ದು ಇದು: ಹಳೇ ಕಿವಿ ತೆಗೆಸಿ, ಎರಡೂ ಬದಿ ಚಾಸಿಗೆ ದಪ್ಪ ಪ್ಲೇಟು, 10.9 ಗ್ರೇಡಿನ ಬೋಲ್ಟು ಹಾಕಿ ಬಿಗಿ ಮಾಡಿಸಿದೆ. ಬೋಲ್ಟಿನ ತಲೆಯ ಮೇಲೆ ಆ ನಂಬರ್ ಒತ್ತಿರುತ್ತದೆ, ಇಲ್ಲದ ಬೋಲ್ಟು ಬೇಡ ಅನ್ನಿ. ಪ್ಲೇಟಿನ ತೂತಿನ ಅಂಚನ್ನು ಬೆರಳು ಆಡಿಸಿದರೆ ಜಾರುವ ಹಾಗೆ ದುಂಡಗೆ ಮಾಡಿಸಿದೆ. ಯಾಕೆಂದರೆ ಈ ಓಡಾಟದಲ್ಲಿ ನಾನು ಕಬ್ಬಿಣದ ಶಾಕಲ್ ಬಿಟ್ಟು ಸಾಫ್ಟ್ ಶಾಕಲ್‌ಗೆ ಬದಲಾದೆ. ಅದು ಹಗ್ಗದ ಕುಣಿಕೆ, ಒಂದು ತುದಿಯಲ್ಲಿ ಗಂಟು. ಯಾವ ತೂತಿಗಾದರೂ ತೂರಿಸಬಹುದು. ಕಿತ್ತು ಹಾರಿದರೂ ಕಬ್ಬಿಣದಷ್ಟು ಏಟು ಕೊಡುವುದಿಲ್ಲ. ನೀರಿನಲ್ಲಿ ಬಿದ್ದರೆ ತೇಲುತ್ತದೆ, ಹಿನ್ನೀರಿನ ಅಂಚಿನಲ್ಲಿ ಇದು ಸಣ್ಣ ಲಾಭ ಅಲ್ಲ. ಚೂಪು ಅಂಚು ಮಾತ್ರ ಅದರ ಶತ್ರು. ಮರಳು, ಮಣ್ಣು ಎಳೆಗಳ ಒಳಗೆ ಕೂತರೂ ನಿಧಾನಕ್ಕೆ ಕೊಯ್ಯುತ್ತದೆ, ಹಾಗಾಗಿ ಮನೆಗೆ ಬಂದು ಬಕೆಟ್ ನೀರಿನಲ್ಲಿ ನೆನೆಸಿ ಜಾಲಿಸಬೇಕು. ಭಾವನವರ ಕಬ್ಬಿಣದ್ದಕ್ಕೆ ಈ ಗೋಳಿಲ್ಲ, ಒದರಿ ಬ್ಯಾಗಿಗೆ ಹಾಕುತ್ತಾರೆ. ಆದರೆ ಪಿನ್ನು ಪೂರ್ತಿ ಬಿಗಿದು ಎಳೆದರೆ ಆಮೇಲೆ ಬಿಚ್ಚಲು ಪಾನಾ ಹುಡುಕಬೇಕು. ಬಿಗಿದ ಮೇಲೆ ಕಾಲು ಸುತ್ತು ಹಿಂದಕ್ಕೆ ತಿರುಗಿಸಿ ಬಿಡಬೇಕು.

ಟೋ ಬಾಲ್‌ಗೆ, ಅಂದರೆ ಹಿಂದೆ ಕ್ರೋಮಿನಲ್ಲಿ ಹೊಳೆಯುವ ಆ ಗುಂಡಿಗೆ, ಯಾವ ಬೆಲ್ಟನ್ನೂ ಸಿಕ್ಕಿಸಬೇಡಿ. ಅದು ಮುರಿದು ಹಾರಿ ಜನ ಸತ್ತಿದ್ದಾರೆ.

ಬೋರ್ಡಿಗೆ ಬರೋಣ, ನನ್ನ ಪ್ರೀತಿಯ ಸಾಮಾನು. 124.80 ಅಡಿ ತುಂಬುವ ಕನ್ನಂಬಾಡಿ ಕಟ್ಟೆಯ ನೀರು ಬೇಸಿಗೆಯಲ್ಲಿ ಇಳಿದಾಗ ಹಿನ್ನೀರಿನ ಅಂಚು ಒಣಗಿ ಬಿರುಕು ಬಿಟ್ಟಿರುತ್ತದೆ. ನಡೆದರೆ ಗಟ್ಟಿ. ಗಾಡಿ ಹತ್ತಿದರೆ ಆ ಹೆಕ್ಕಳೆ ಒಡೆದು ಕೆಳಗಿನ ಹಸಿ ಗೋಡು ಚಕ್ರವನ್ನು ಹಿಡಿದುಕೊಳ್ಳುತ್ತದೆ. ಅಲ್ಲಿ ಮರ ಇಲ್ಲ, ಟ್ರ್ಯಾಕ್ಟರ್ ದೂರ, ಇನ್ನೊಂದು ಗಾಡಿ ಹತ್ತಿರ ಬಂದರೆ ಅದೂ ಹೂತುಕೊಳ್ಳುತ್ತದೆ. ಒಬ್ಬರೇ ಮಾಡಬಹುದಾದ ಕೆಲಸ ಅಂದರೆ ಟೈರಿನ ಮುಂದೆ ಇಳಿಜಾರಾಗಿ ಅಗೆದು, ಬೋರ್ಡನ್ನು ಟೈರಿನ ಕೆಳಗೆ ಒತ್ತಿ ತೂರಿಸಿ, ಲೋ ರೇಂಜಿನಲ್ಲಿ (ನಿಧಾನಕ್ಕೆ, ಬಲವಾಗಿ ಎಳೆಯುವ ಫೋರ್ ವೀಲ್ ಗೇರು) ಮೆಲ್ಲಗೆ ಹತ್ತಿಸುವುದು. ಆಕ್ಸಿಲರೇಟರ್ ಒತ್ತಿ ಚಕ್ರ ಗಿರಗಿರ ತಿರುಗಿಸಿದರೆ ಬೋರ್ಡಿನ ಹಲ್ಲು ಕರಗಿ ನುಣ್ಣಗಾಗುತ್ತದೆ. ಪ್ಲಾಸ್ಟಿಕ್ ಸುಟ್ಟ ವಾಸನೆ ಬಂದರೆ ಕಾಲು ತೆಗೆಯಿರಿ. ಹಿಂದೆ ಯಾರೂ ನಿಲ್ಲಬಾರದು, ಬೋರ್ಡು ಹಿಂದಕ್ಕೆ ಚಿಮ್ಮುತ್ತದೆ.

ಬೋರ್ಡಿನ ತುದಿಗೆ ಬಣ್ಣದ ಹಗ್ಗ ಕಟ್ಟಿಡಿ. ಗಾಡಿ ಆಚೆ ಹೋದ ಮೇಲೆ ಅದು ಕೆಸರೊಳಗೆ ಎಲ್ಲಿ ಮುಳುಗಿದೆ ಅಂತ ಕೈ ಹಾಕಿ ತಡಕಾಡುವುದು ತಪ್ಪುತ್ತದೆ.

ಬೋರ್ಡಿಗೆ ದುಡ್ಡು ಯಾಕೆ, ತೆಂಗಿನ ಗರಿ, ಕಬ್ಬಿನ ತರಗು ಸಾಲದೇ ಅನ್ನುವವರಿದ್ದಾರೆ. ಗದ್ದೆ ದಾರಿಯಲ್ಲಿ ಸಾಲುತ್ತದೆ. ಗರಿಯ ದಿಂಡಿನ ಕಡೆ ಟೈರಿಗೆ ಕೊಟ್ಟರೆ ಚೆನ್ನಾಗೇ ಹಿಡಿಯುತ್ತದೆ. ಹಿನ್ನೀರಿನ ಗೋಡಿನಲ್ಲಿ ತರಗು ಒಂದು ಸುತ್ತಿಗೇ ಒಳಗೆ ಹೋಗಿ ಮಾಯ.

ಮಡಚುವ ಸಲಿಕೆ ಬೇಡ. ಸಂತೇಪೇಟೆಯಲ್ಲಿ ಮರದ ಹಿಡಿಯ ಸಾದಾ ಸಲಿಕೆ ತಗೊಂಡು ಹಿಡಿಯನ್ನು ಸ್ವಲ್ಪ ಕುಯ್ಯಿಸಿ, ಗಾಡಿಯಲ್ಲಿ ಕೂರುತ್ತದೆ.

ಟೈರಿನ ಗಾಳಿ ಇಳಿಸುವುದು ಎಲ್ಲಕ್ಕಿಂತ ಅಗ್ಗದ ರಿಕವರಿ. ಕೆಸರಿಗೆ ಇಳಿಯುವ ಮೊದಲೇ 15ರಿಂದ 18 ಪಿಎಸ್ಐಗೆ ತಂದರೆ ಎಷ್ಟೋ ಸಲ ಬೋರ್ಡು ತೆಗೆಯುವ ಪ್ರಸಂಗವೇ ಬರುವುದಿಲ್ಲ. ಡಾಂಬರು ರಸ್ತೆಗೆ ಹತ್ತುವ ಮುಂಚೆ ಮತ್ತೆ ತುಂಬಬೇಕು, ಅದಕ್ಕೇ ಕಂಪ್ರೆಸರ್. ಸಿಗರೇಟ್ ಲೈಟರ್‌ಗೆ ಸಿಕ್ಕಿಸುವುದು ಬೇಡ, ಫ್ಯೂಸ್ ಹೋಗುತ್ತದೆ. ಬ್ಯಾಟರಿಗೆ ಕ್ಲಿಪ್ ಹಾಕುವುದು ತಗೊಳ್ಳಿ.

ಗಾಡಿ ಎತ್ತುವ ಉದ್ದನೆಯ ಫಾರ್ಮ್ ಜಾಕ್ ಹೊಸಬರಿಗೆ ಬೇಡವೇ ಬೇಡ. ಹಿಡಿ ವಾಪಸ್ ಹೊಡೆದರೆ ದವಡೆ ಹೋಗುತ್ತದೆ. ಬಾಟಲ್ ಜಾಕ್, ಅದರ ಕೆಳಗೆ ಇಡಲು ಒಂದು ದಪ್ಪ ಹಲಗೆ ಇದ್ದರೆ ಆಯಿತು. ಕೈಯಲ್ಲಿ ಎಳೆಯುವ ಪುಲ್ಲರ್ ಕೆಲಸ ಮಾಡುತ್ತದೆ, ಆದರೆ ಅದನ್ನು ಕಟ್ಟಲು ಹತ್ತಿರದಲ್ಲಿ ಗಟ್ಟಿ ಮರ ಬೇಕು. ಮರ ಇರುವ ಕಡೆ ಅಂತ ನಾಗರಹೊಳೆ, ಬಂಡೀಪುರದ ಅಂಚಿಗೆ ಹೋಗಬೇಡಿ. ಅರಣ್ಯ ಇಲಾಖೆಯ ಕೇಸಿನಿಂದ ಎಳೆದು ತರುವ ವಿಂಚ್ ಇನ್ನೂ ಬಂದಿಲ್ಲ. ನಾಲೆ ಏರಿಯ ಮೇಲೂ ಈ ಆಟ ಬೇಡ.

ನನ್ನ ಬಜೆಟ್ ಹದಿನೈದು ಸಾವಿರ. ಅರ್ಧ ದುಡ್ಡು ಬೋರ್ಡಿಗೆ, ಉಳಿದದ್ದರಲ್ಲಿ ದೊಡ್ಡ ಪಾಲು ಕಂಪ್ರೆಸರ್‌ಗೆ. ಮಿಕ್ಕಿದ್ದರಲ್ಲಿ ಪಾಲಿಯೆಸ್ಟರ್ ಬೆಲ್ಟು, ಎರಡು ಸಾಫ್ಟ್ ಶಾಕಲ್, ಸಲಿಕೆ. ಲೇತ್ ಅಂಗಡಿಯ ಬಿಲ್ಲು ಇದಕ್ಕೆ ಸೇರಿಲ್ಲ, ಅದನ್ನು ಮನೆಯಲ್ಲಿ ‘ಸರ್ವಿಸ್’ ಅಂತ ಹೇಳಿದ್ದೇನೆ. ಒಬ್ಬನೇ ಹೋಗುವ, ಹತ್ತಿರದಲ್ಲೇ ಓಡಾಡುವ ನನ್ನಂಥವರಿಗೆ ಇದೇ ಸರಿ. ಭಾವ ಈಗ ಸಕಲೇಶಪುರದ ಕಡೆ ಗುಂಪಿನ ಜೊತೆ ಹೋಗುತ್ತಿದ್ದಾರೆ, ಅಲ್ಲಿ ಗಾಡಿಯೇ ಗಾಡಿಯನ್ನು ಎಳೆಯಬೇಕು. ಅವರಿಗೆ ಕೈನೆಟಿಕ್ ಹಗ್ಗ ಬೇಕೇ ಬೇಕು, ಥಾರ್ ತುಂಬಿದರೆ ಎರಡು ಟನ್ ದಾಟುವುದರಿಂದ ಆರು ಟನ್ ಆಸುಪಾಸಿನದು. ಆ 20 ಟನ್ ಬೆಲ್ಟನ್ನು ಜಮೀನಿಗೆ ಕೊಟ್ಟುಬಿಟ್ಟಿದ್ದಾರೆ, ಕಬ್ಬಿನ ಲೋಡು ಬಿಗಿಯಲು ಚೆನ್ನಾಗಿದೆಯಂತೆ.