ನಿರಿಗೆ ಕಾಗದ, ತಂತಿಯ ಬಾಗಿಲು: ಕೆಲವು ವಿಚಿತ್ರ ಗ್ರಾಮಫೋನುಗಳನ್ನು ಕೇಳಿದ ಮೇಲೆ

ನನ್ನ ಕೆಲಸ ಗಡಿಯಾರ ರಿಪೇರಿ. ಸ್ಪ್ರಿಂಗು, ಹಲ್ಲುಚಕ್ರ, ವೇಗವನ್ನು ಹಿಡಿತದಲ್ಲಿಡುವ ಗವರ್ನರುಗಳ ಮಟ್ಟಿಗೆ ನನ್ನ ಮಾತನ್ನು ನಂಬಬಹುದು. ಸಂಗೀತದ ಮಟ್ಟಿಗೆ ನನಗಿರುವುದು ಎರಡು ಕಿವಿ ಮಾತ್ರ. ಹಳೆಯ ಗ್ರಾಮಫೋನು ಕೂಡಿಡುವ ಹಿರಿಯರೊಬ್ಬರು ಮೂರು ಯಂತ್ರಗಳ ಸ್ಪ್ರಿಂಗು ಬದಲಿಸಲು ಕರೆದಾಗ, ಕೂಲಿ ಬೇಡ, ನಿಮ್ಮಲ್ಲಿರುವ ವಿಚಿತ್ರಗಳನ್ನೆಲ್ಲ ಒಂದೊಂದಾಗಿ ಕೇಳಿಸಿ ಸಾಕು ಎಂದೆ. ಅದಕ್ಕೆ ನಾಲ್ಕು ಸಂಜೆ ಹಿಡಿಯಿತು.

ಎಲ್ಲಕ್ಕೂ ಎರಡೇ ಪ್ಲೇಟು ಎಂದು ಮೊದಲೇ ಗೊತ್ತುಮಾಡಿಕೊಂಡಿದ್ದೆವು. ಒಂದು, ಮೈಕು ಬರುವುದಕ್ಕೆ ಮುಂಚೆ ಹಾರ್ನಿನ ಬಾಯಿಗೆ ಮುಖ ಕೊಟ್ಟು ಹಾಡಿದ ಹೆಣ್ಣುದನಿ. ಇನ್ನೊಂದು, 1925ರ ಈಚೆಗೆ ಮೈಕಿನಲ್ಲಿ ಹಿಡಿದ ಚೆಲ್ಲೋ, ಅಂದರೆ ಪಿಟೀಲಿನ ದೊಡ್ಡ, ತಗ್ಗುದನಿಯ ಅಣ್ಣ. ಮಗ್ಗುಲಿಗೊಂದು ಹೊಸ ಉಕ್ಕಿನ ಮುಳ್ಳು. ಇದರಲ್ಲಿ ಜಿಪುಣತನ ಮಾಡಬಾರದು. ಅರಗಿನ ಪ್ಲೇಟಿನಲ್ಲಿ ಕಲ್ಲಿನ ಪುಡಿ ಬೆರೆತಿರುತ್ತದೆ. ಮೊದಲ ಸಲ ಪ್ಲೇಟು ಮುಳ್ಳನ್ನು ಅರೆಯುತ್ತದೆ, ಅದೇ ಮುಳ್ಳನ್ನು ಮತ್ತೆ ಇಟ್ಟರೆ ಮುಳ್ಳು ಪ್ಲೇಟನ್ನು ಅರೆಯುತ್ತದೆ.

ಮೊದಲು ಬಂದದ್ದು ಎಚ್.ಎಂ.ವಿ. 460, 1924ರ ಮಾದರಿ. ಇದಕ್ಕೆ ಹಾರ್ನೂ ಇಲ್ಲ, ಮುಳ್ಳಿನ ಅದುರನ್ನು ದನಿಯಾಗಿಸುವ ಸೌಂಡ್ ಬಾಕ್ಸೂ ಇಲ್ಲ. ಪ್ಲೇಟಿನ ಮೇಲೆ ನೆಟ್ಟಗೆ ನಿಂತಿರುವುದು 14 ಇಂಚು ಅಗಲದ, ಚಿನ್ನದ ಬಣ್ಣದ ಒಂದು ದುಂಡು ಕಾಗದ. ನಡುವಿನಿಂದ ಅಂಚಿನವರೆಗೂ ಸಣ್ಣಸಣ್ಣ ನಿರಿಗೆ ಹಿಡಿದಿದ್ದಾರೆ. ಇದರ ಹಿಂದಿನ ತಲೆ ಲೂಯಿ ಲೂಮಿಯೇರನದು, ಅಣ್ಣನ ಜೊತೆ ಸೇರಿ ಸಿನಿಮಾ ತೋರಿಸಿದವನೇ. ಮಾಮೂಲಿ ಗ್ರಾಮಫೋನಿನಲ್ಲಿ ಅಂಗೈಗಿಂತ ಚಿಕ್ಕದಾದ ಕಾಗೆಬಂಗಾರದ ತೆಳುಬಿಲ್ಲೆ ಅದುರುತ್ತದೆ. ಅಷ್ಟು ಸಣ್ಣ ಬಿಲ್ಲೆಗೆ ಕೋಣೆಯ ಗಾಳಿಯನ್ನು ತಳ್ಳುವ ತಾಕತ್ತಿಲ್ಲ, ಅದಕ್ಕೇ ಹಾರ್ನು ಬೇಕು. ಲೂಮಿಯೇರ್ ಬಿಲ್ಲೆಯನ್ನೇ ದೊಡ್ಡದು ಮಾಡಿ ಹಾರ್ನನ್ನು ಕಿತ್ತುಹಾಕಿದ. ಬರೀ ಕಾಗದವಾದರೆ ಜೋಲುತ್ತಿತ್ತು. ನಿರಿಗೆ ಹಿಡಿದದ್ದರಿಂದ ಹಗುರವಾಗಿಯೇ ಬಿಗಿ ಬಂತು.

ಹೆಣ್ಣುದನಿಯ ಪ್ಲೇಟು ಹಾಕಿದೆವು. ಹಾರ್ನಿನಲ್ಲಿ ಕೇಳಿ ಕೇಳಿ ನನಗೆ ಒಂದು ಅಭ್ಯಾಸವಾಗಿಬಿಟ್ಟಿತ್ತು: ಹಾಡುವವರು ಕೊಳವೆಯ ಆ ತುದಿಯಲ್ಲಿ ನಿಂತಿದ್ದಾರೆ ಎಂದುಕೊಂಡೇ ಕೇಳುವುದು. ಇಲ್ಲಿ ಕೊಳವೆಯೇ ಇಲ್ಲ. ದನಿ ಕಾಗದದ ಎರಡೂ ಮಗ್ಗುಲಿಂದ ಕೋಣೆಗೆ ಹರಡಿತು, ಮೂಗು ಕಟ್ಟಿದಂತಿರುವ ಆ ಗುಣ ಮಾಯ. ಆದರೆ ಚೆಲ್ಲೋ ಹಾಕಿದಾಗ ಮಂದ್ರದಲ್ಲಿ ಹೊಟ್ಟೆಯೇ ಇಲ್ಲ. ಕಾಗದ ಮುಂದಕ್ಕೆ ತಳ್ಳಿದಾಗ ಹಿಂದೆ ಗಾಳಿ ಖಾಲಿಯಾಗುತ್ತದಲ್ಲ, ಕೆಳಗಿನ ಸ್ವರಗಳಲ್ಲಿ ಆ ಎರಡೂ ಅಂಚಿನ ಸುತ್ತ ಬಂದು ಒಂದನ್ನೊಂದು ತಿಂದುಹಾಕುತ್ತವೆ. ಎರಡು ನಿರಿಗೆಗಳ ನಡುವೆ ಹಿಂದೆ ಯಾರೋ ತೆಳು ಕಾಗದದ ತೇಪೆ ಹಚ್ಚಿದ್ದರು. ಏರುದನಿ ಬಂದಾಗೆಲ್ಲ ಅಲ್ಲಿಂದ ಒಂದು ಸಣ್ಣ ಜರ್ರ್. ಮಳೆ ಬಿದ್ದ ಸಂಜೆ ಅದೇ ಪ್ಲೇಟು ಮಂಕಾಗಿ ಕೇಳಿತು. ತೇವ ಕುಡಿದ ಕಾಗದದ ಹಣೆಬರಹವೇ ಅಷ್ಟು. ಆದರೂ ನಾಲ್ಕು ಸಂಜೆಯೂ ಕೊನೆಗೆ ಇದನ್ನೇ ಮತ್ತೊಮ್ಮೆ ಕೇಳಿ ಎದ್ದೆ.

ಎಡಿಸನ್ನನ ಡೈಮಂಡ್ ಡಿಸ್ಕ್ ಯಂತ್ರ ಗಡಿಯಾರದವನಿಗೆ ಹೇಳಿ ಮಾಡಿಸಿದ್ದು. 1912ರಲ್ಲಿ ಮಾರುಕಟ್ಟೆಗೆ ಬಂತು. ಇದರ ಪ್ಲೇಟು ಕಾಲು ಇಂಚು ದಪ್ಪ, ಎತ್ತಿದರೆ ನೆಲಹಾಸಿನ ಕಲ್ಲು ಎತ್ತಿದ ಹಾಗೆ. ಮುಳ್ಳು ಅಡ್ಡಡ್ಡ ಓಲಾಡದೆ ಗೀರಿನ ತಳದ ಏರಿಳಿತದ ಮೇಲೆ ಹತ್ತಿಳಿಯುತ್ತದೆ, ಹಾಗಾಗಿ ನಮ್ಮ ಎರಡು ಪ್ಲೇಟುಗಳೂ ಇಲ್ಲಿ ನಡೆಯಲಿಲ್ಲ, ಹಿರಿಯರು ಎಡಿಸನ್ನನ ಪ್ಲೇಟುಗಳನ್ನೇ ಹಾಕಿದರು. ಮುಳ್ಳಿನ ತುದಿ ವಜ್ರ, ಬದಲಿಸುವ ಗೋಳಿಲ್ಲ. ಬೇರೆ ಯಂತ್ರಗಳಲ್ಲಿ ಭಾರದ ಸೌಂಡ್ ಬಾಕ್ಸನ್ನು ಗೀರೇ ಎಳೆದುಕೊಂಡು ಹೋಗಬೇಕು. ಇಲ್ಲಿ ಇಂಚಿಗೆ 150ರಂತೆ ಸುತ್ತುವ ಗೀರಿಗೆ ಸರಿಯಾಗಿ ಹಲ್ಲುಚಕ್ರಗಳೇ ಹಾರ್ನಿನ ಸಮೇತ ಇಡೀ ತೋಳನ್ನು ಸರಿಸುತ್ತವೆ. ಮುಚ್ಚಳ ತೆಗೆದು ಅದು ಸರಿಯುವುದನ್ನೇ ಎಷ್ಟೋ ಹೊತ್ತು ನೋಡಿದೆ, ಹಾಡು ಮುಗಿದದ್ದು ಗೊತ್ತಾಗಲಿಲ್ಲ. ದನಿ ತಗ್ಗಿಸುವ ವಿಧಾನವಂತೂ ನಗು ತರಿಸಿತು: ಹಿಡಿ ತಿರುಗಿಸಿದರೆ ಬಟ್ಟೆಯುಂಡೆಯೊಂದು ಹಾರ್ನಿನ ಗಂಟಲಿಗೆ ಹೋಗಿ ಕೂರುತ್ತದೆ!

ನಾದ ದುಂಡಗಿದೆ, ತುಂಬಿದೆ, ಒರಟಿಲ್ಲ. 1915ರಿಂದ ಕಂಪನಿಯವರು ಗಾಯಕರನ್ನು ಯಂತ್ರದ ಪಕ್ಕದಲ್ಲೇ ನಿಲ್ಲಿಸಿ, ಯಾವುದು ಯಾರ ದನಿ ಹೇಳಿ ಎಂದು ಸಭೆಗಳಿಗೆ ಸವಾಲು ಹಾಕುತ್ತಿದ್ದರು. ನನ್ನ ಕಿವಿ ಮೋಸಹೋಗುವಷ್ಟೇನೂ ಅಲ್ಲ. ಆದರೆ ಆ ಕಾಲದ ಜನ ಯಾಕೆ ಮೋಸಹೋಗಲು ಸಿದ್ಧರಿದ್ದರು ಎಂದು ಅರ್ಥವಾಗುತ್ತದೆ. ತೊಂದರೆ ಪ್ಲೇಟಿನದು. ಪದರ ಅಂಟಿಸಿ ಮಾಡಿದ್ದರಿಂದ ಕೆಲವುಗಳ ಅಂಚು ಸೀಳಿದೆ, ಹಳೆಯವುಗಳಲ್ಲಿ ಹಾಡಿನ ಕೆಳಗೆ ಎಣ್ಣೆ ಕಾದಂಥ ಚರಚರ ನಿಲ್ಲುವುದೇ ಇಲ್ಲ.

ಕ್ಲಿಂಗ್ಸೋರ್ ನೋಡಲು ಎಲ್ಲಕ್ಕಿಂತ ಚೆಂದ. 20ನೇ ಶತಮಾನದ ಮೊದಲ ವರ್ಷಗಳ ಜರ್ಮನ್ ಯಂತ್ರ, ಎತ್ತರದ ಮರದ ಪೆಟ್ಟಿಗೆ. ಬಾಗಿಲು ತೆರೆದರೆ ಹಾರ್ನಿನ ಬಾಯಿಗೆ ಅಡ್ಡಲಾಗಿ ವೀಣೆಯ ಹಾಗೆ ತಂತಿ ಬಿಗಿದಿದ್ದಾರೆ. ಹಾಡಿನ ಸ್ವರ ತಾಗಿದಾಗ ಅದೇ ಶ್ರುತಿಯ ತಂತಿ ತಾನಾಗಿ ಮಿಡಿಯಬೇಕು ಎಂಬುದು ಲೆಕ್ಕ. ಮೊದಲ ಸಲ ತಂತಿಗಳು ಸಡಿಲವಾಗಿದ್ದವು. ಕೇಳಿದ್ದು ಪಾತ್ರೆ ಜಾರಿದ ಸದ್ದು. ಅವುಗಳನ್ನು ಬಿಗಿದು ಶ್ರುತಿ ಮಾಡಲು ಒಂದು ಗಂಟೆ ಹೋಯಿತು. ಆಮೇಲೆ ಹಾಡು ನಿಂತ ಕಡೆಯಲ್ಲೆಲ್ಲ ಒಂದು ಎಳೆ ನಾದ ಉಳಿದುಕೊಳ್ಳತೊಡಗಿತು. ಚೆಲ್ಲೋಗೆ ಅದು ಒಪ್ಪಿತು. ಹೆಣ್ಣುದನಿಗೆ ಒಪ್ಪಲಿಲ್ಲ, ಹಾಡಿನ ಮಾತುಗಳೆಲ್ಲ ಆ ಗುಂಯ್‌ನಲ್ಲಿ ಕಲಸಿಹೋದವು. ನನ್ನ ಕೈಗೆ ಸಿಕ್ಕರೆ ತಂತಿ ಬಿಚ್ಚಿಟ್ಟು ಕೇಳುತ್ತೇನೆ ಎಂದಿದ್ದಕ್ಕೆ ಹಿರಿಯರು, "ಹಾಗಾದರೆ ನಿಮ್ಮ ಕೈಗೆ ಸಿಗುವುದಿಲ್ಲ ಬಿಡಿ" ಎಂದರು.

ಮಿಕಿಫೋನ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 1920ರ ದಶಕದ ಸ್ವಿಸ್ ತಯಾರಿಕೆ, ಮುಚ್ಚಿದಾಗ ದಪ್ಪನೆಯ ಜೇಬುಗಡಿಯಾರ, ಬಿಚ್ಚಿ ಜೋಡಿಸಿದರೆ 10 ಇಂಚಿನ ಪ್ಲೇಟನ್ನೂ ತಿರುಗಿಸುತ್ತದೆ. ಒಳಗಿನ ಜಾಗ ಉಳಿಸಿದ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ. ಹಾರ್ನಿನ ಬದಲು ಎರಡು ತುಂಡಿನ ಕಪ್ಪು ಡಬ್ಬಿ. ದನಿ ಪಕ್ಕದ ಮನೆಯ ಜಗಳದ ಹಾಗೆ: ಯಾರೋ ಏನೋ ಹೇಳುತ್ತಿದ್ದಾರೆ ಎಂದಷ್ಟೇ ತಿಳಿಯುತ್ತದೆ.

ಕೊನೆಯ ಸಂಜೆ ಇ.ಎಂ.ಜಿ. ಇಂಗ್ಲೆಂಡಿನಲ್ಲಿ ಹೆಚ್ಚುಕಡಿಮೆ ಕೈಯಲ್ಲೇ ಮಾಡಿ ಮಾರುತ್ತಿದ್ದ ಯಂತ್ರ. ಪೆಟ್ಟಿಗೆ ಸಾಧಾರಣ, ಅದರ ಮೇಲಿಂದ ಎದ್ದು ಬಾಗಿ ನಿಂತ ಹಾರ್ನಿನ ಬಾಯಿ ಮಾತ್ರ ಸುಮಾರು ಎರಡೂವರೆ ಅಡಿ. ಲೋಹವಲ್ಲ, ಪದರ ಪದರವಾಗಿ ಅಂಟಿಸಿದ ಕಾಗದ. ಬೆರಳಿನಲ್ಲಿ ತಟ್ಟಿದರೆ ಠಣ್ ಎನ್ನುವುದಿಲ್ಲ, ಟಪ್ ಎಂದು ಸುಮ್ಮನಾಗುತ್ತದೆ. ತಗಡಿನ ಹಾರ್ನು ತನ್ನದೇ ರಾಗ ಸೇರಿಸುವ ಕಾಟ ಇಲ್ಲಿಲ್ಲ. ಗಂಟಲಿನಿಂದ ಬಾಯಿಯವರೆಗೆ ಒಂದೇ ಲೆಕ್ಕದಲ್ಲಿ, ಇಷ್ಟಿಷ್ಟು ದೂರಕ್ಕೆ ಎರಡರಷ್ಟಾಗುತ್ತ ಹಿಗ್ಗಿದೆ. ಹಿಗ್ಗುವುದು ನಿಧಾನವಾದಷ್ಟೂ, ಬಾಯಿ ದೊಡ್ಡದಾದಷ್ಟೂ ಮಂದ್ರ ಹೊರಬರುತ್ತದೆ, ಈ ಗಾತ್ರಕ್ಕೆ ಅದೇ ಕಾರಣ. ಉಕ್ಕಿನ ಮುಳ್ಳಿಗೆ ಪ್ರವೇಶವಿಲ್ಲ. ಬಿದಿರಿನ ಮುಳ್ಳನ್ನು ಪ್ರತಿಸಲ ಕತ್ತರಿಸಿ ಚೂಪು ಮಾಡಿ ಇಡಬೇಕು.

ಚೆಲ್ಲೋ ಶುರುವಾಯಿತು. ಕಮಾನು ತಂತಿಗೆ ತಾಗುವ ಗರಗರ, ಅದರ ಹಿಂದೆ ಮರದ ಹೊಟ್ಟೆಯ ಗುಂಯ್, ಎರಡೂ ಬೇರೆಬೇರೆಯಾಗಿ ಕೇಳಿದವು. ಕರೆಂಟಿಲ್ಲ, ತಂತಿಯಿಲ್ಲ, ನಾನೇ ಕೀಲಿ ಕೊಟ್ಟ ಸ್ಪ್ರಿಂಗು, ಒಂದು ಬಿದಿರಿನ ಚೂರು, ಕಾಗದ. ಹೆಣ್ಣುದನಿಯ ಹಳೆಯ ಪ್ಲೇಟಿಗೆ ಮಾತ್ರ ಇದು ದಯೆ ತೋರಲಿಲ್ಲ, ಆ ಕಾಲದ ಧ್ವನಿಮುದ್ರಣದ ಬಡತನವನ್ನೆಲ್ಲ ಬಿಚ್ಚಿಟ್ಟಿತು. ಆ ಪ್ಲೇಟಿಗೆ ಲೂಮಿಯೇರನ ಕಾಗದವೇ ಮೇಲು.

ನಾದಕ್ಕೆ ನನ್ನ ಓಟು ಇ.ಎಂ.ಜಿ.ಗೆ, ಮಮತೆ 460ಕ್ಕೆ. 460 ಯಾರಾದರೂ ನೋಡಲು ಹೋದರೆ ಒಂದು ಟಾರ್ಚು ಒಯ್ಯಿರಿ. ಕತ್ತಲೆಯಲ್ಲಿ ಕಾಗದದ ಹಿಂದಿನಿಂದ ಬೆಳಕು ಬಿಟ್ಟು ನಿರಿಗೆಗಳ ಮಡಿಕೆಗಳನ್ನು ಒಂದೊಂದಾಗಿ ನೋಡಿ, ತೂತು ಬಿದ್ದಿದ್ದರೆ ನಕ್ಷತ್ರದ ಹಾಗೆ ಕಾಣುತ್ತದೆ. ನಾನು ನೋಡಿದ್ದರಲ್ಲಿ ತೇಪೆಯದ್ದು ಬಿಟ್ಟು ಇನ್ನೂ ಮೂರಿದ್ದವು.