ಹುಬ್ಬಳ್ಳಿಯ ‘ಹಿಸ್ಪಾನಿಕ್ ತಂಡಗಳ ನಿರ್ವಹಣೆ’ ತರಬೇತಿ: ಹೆಸರಿನ ಪಾಠ ಗಟ್ಟಿ, ಸ್ವಭಾವದ ಪಾಠ ಪೊಳ್ಳು

ಮೆಕ್ಸಿಕೊ, ಕೊಲಂಬಿಯಾದಂಥ ಸ್ಪ್ಯಾನಿಷ್ ಮಾತಿನ (ಹಿಸ್ಪಾನಿಕ್) ದೇಶಗಳ ಸಿಬ್ಬಂದಿಯನ್ನು ಇಲ್ಲಿಂದಲೇ ನೋಡಿಕೊಳ್ಳುವ ಟೀಮ್ ಲೀಡ್ ಮತ್ತು ಎಚ್‌ಆರ್‌ನವರಿಗಾಗಿ ವಿದ್ಯಾನಗರದಲ್ಲಿ ನಡೆಯುವ ಎರಡು ದಿನದ ತರಬೇತಿ ಇದು. ಮೊದಲ ದಿನಕ್ಕೆ ಕೊಟ್ಟ ದುಡ್ಡು ದಕ್ಕುತ್ತದೆ. ಎರಡನೆಯ ದಿನದ ಬಗ್ಗೆ ತಕರಾರಿದೆ.

ಹೆಸರಿನ ಪಾಠವೇ ಇದರ ಜೀವ. ಹ್ವಾನ್ ಕಾರ್ಲೋಸ್ ಪೆರೆಸ್ ಗೋಮೆಸ್ ಎಂಬಲ್ಲಿ ಪೆರೆಸ್ ತಂದೆಯ ಕಡೆಯ ಅಡ್ಡಹೆಸರು, ಗೋಮೆಸ್ ತಾಯಿಯ ಕಡೆಯದು. ಕರೆಯುವುದು ‘ಸೆನ್ಯೋರ್ ಪೆರೆಸ್’ ಎಂದೇ. ಬಸವರಾಜ ಶಿವಪ್ಪ ಪಾಟೀಲ ಎಂದರೆ ಕೊನೆಯದೇ ಅಡ್ಡಹೆಸರು ಎಂಬ ರೂಢಿ ನಮ್ಮದು. ಹಾಗಾಗಿ ಪೇರೋಲ್ ತುಂಬುವವರು ಪೆರೆಸ್ ಅನ್ನು ನಡುವಿನ ಖಾನೆಗೆ ತಳ್ಳಿಬಿಡುತ್ತಾರೆ. ಬ್ಯಾಂಕ್ ಖಾತೆಯ ಹೆಸರಿಗೆ ತಾಳೆಯಾಗದೆ ಸಂಬಳ ತಡೆಯಬಹುದು. ಇವರು ಕಲಿಸುವ ಕ್ರಮ ಸರಳ: ಎರಡೂ ಅಡ್ಡಹೆಸರು ಕೊನೆಯ ಖಾನೆಯಲ್ಲಿ, ನಡುವಿನದು ಖಾಲಿ. ಬ್ರೆಜಿಲ್‌ನವರದು ಪೋರ್ಚುಗೀಸ್ ಪದ್ಧತಿ, ಸಾಮಾನ್ಯವಾಗಿ ತಾಯಿಯ ಕಡೆಯದು ಮೊದಲು, ತಂದೆಯದು ಕೊನೆಗೆ. ಇದನ್ನೂ ಬಿಡಿಸಿ ಹೇಳುತ್ತಾರೆ.

ಮೆಕ್ಸಿಕೊದ ಕಾನೂನಿನ ಭಾಗವೂ ಚೊಕ್ಕವಾಗಿದೆ. ‘ಅಗಿನಾಲ್ದೊ’ ಎಂಬ ವರ್ಷಾಂತ್ಯದ ಬೋನಸ್ ಕನಿಷ್ಠ 15 ದಿನದ ಸಂಬಳ, ಡಿಸೆಂಬರ್ 20ಕ್ಕೆ ಮೊದಲು ಕೈಸೇರಬೇಕು. ಒಂದು ವರ್ಷ ದುಡಿದವರಿಗೆ 2023ರಿಂದ ಕನಿಷ್ಠ 12 ದಿನ ಸಂಬಳಸಹಿತ ರಜೆ.

ಎರಡನೆಯ ದಿನ ‘ಹಿಸ್ಪಾನಿಕ್ ಸ್ವಭಾವ’ ಎಂದು ಇಪ್ಪತ್ತು ದೇಶಗಳನ್ನು ಒಂದೇ ಚೀಲಕ್ಕೆ ತುಂಬುತ್ತಾರೆ. ‘ಹಿಸ್ಪಾನಿಕ್’ ಎಂಬುದು ಅಮೆರಿಕದ ಸರ್ಕಾರಿ ವರ್ಗೀಕರಣ. ಅಲ್ಲಿನ ಜನಗಣತಿಯಲ್ಲಿ ‘ನೀವು ಹಿಸ್ಪಾನಿಕ್ ಮೂಲದವರೇ?’ ಎಂಬ ಪ್ರಶ್ನೆಯನ್ನು ಎಲ್ಲರಿಗೂ ಹಾಕಿದ್ದು 1980ರಲ್ಲಿ. ಬೊಗೋಟಾದ ಎಂಜಿನಿಯರ್ ತನ್ನನ್ನು ಕೊಲಂಬಿಯನ್ ಎಂದೇ ಹೇಳಿಕೊಳ್ಳುವುದು ಹೆಚ್ಚು. ‘ಅವರು ಮೇಲಿನವರಿಗೆ ಇಲ್ಲ ಅನ್ನುವುದಿಲ್ಲ’ ಎಂಬ ಸ್ಲೈಡ್ ಅಂತೂ ಬೇಸರ ತರಿಸುತ್ತದೆ. ‘ಅರ್ಥ ಆತೇನ್ರಿ?’ ಅಂದರೆ ‘ಹೂಂ ರೀ ಸರ್’ ಎನ್ನುವ ಹೊಸಬರು ಧಾರವಾಡದಲ್ಲೂ ಇದ್ದಾರೆ. ಮೊದಲು ಯಾವ ಕೆಲಸ ಹಿಡಿಯುತ್ತೀರಿ, ಎಲ್ಲಿ ಅಡ್ಡಿಯಾಗಬಹುದು ಎಂದು ಕೇಳಬೇಕು, ತಪ್ಪನ್ನು ಕಾಲ್ ಮುಗಿದ ಮೇಲೆ ಒಬ್ಬರಿಗೇ ಹೇಳಬೇಕು. ಅಭ್ಯಾಸ ಮಾಡಿಸಬೇಕಾದದ್ದು ಇದನ್ನು.

ಕೈಪಿಡಿಯ ವೇಳಾಪಟ್ಟಿ ಹಳೆಯದು. ಬೇಸಿಗೆಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಡುವ ಪದ್ಧತಿಯನ್ನು ಮೆಕ್ಸಿಕೊ ಸಿಟಿ 2022ರಲ್ಲೇ ಕೈಬಿಟ್ಟಿದೆ. ನಮ್ಮ ಸಂಜೆ 7:30 ಅಲ್ಲಿ ವರ್ಷವಿಡೀ ಬೆಳಿಗ್ಗೆ 8. ಅಮೆರಿಕದ ಗ್ರಾಹಕರೂ ಸೇರುವ ಕಾಲ್ ಮಾತ್ರ ಮಾರ್ಚ್, ನವೆಂಬರ್‌ನಲ್ಲಿ ಅವರ ಗಡಿಯಾರದ ಜೊತೆ ಒಂದು ಗಂಟೆ ಸರಿಯುತ್ತದೆ. ಪೇರೋಲ್‌ನವರು ಮೊದಲ ದಿನಕ್ಕಷ್ಟೇ ಸೇರಿದರೆ ಸಾಕು.