ಸಿಂಗರ್ 15ಕೆ ಹಳೇ ಕಾಲ್ಮಿಷನ್ನು: ಕೌದಿ, ಕ್ವಿಲ್ಟ್ ಹೊಲಿಯೋರಿಗೆ ನನ್ನ ರಿವ್ಯೂ

ಹಳೇ ಸಿಂಗರ್ ಹೊಲಿಗೆ ಮಿಷನ್ ತಗೊಂಡ್ರೆ ಕ್ವಿಲ್ಟ್ (ಬಟ್ಟೆ ತುಂಡು ಜೋಡಿಸಿ, ಪದರ ಹಾಕಿ ಹೊಲಿಯೋ ಹೊದಿಕೆ) ಹೊಲಿಯೋಕೆ ಆಗತ್ತಾ ಅಂತ ತುಂಬ ಜನ ಕೇಳ್ತಾರೆ, ಆಗತ್ತೆ, ಅದೂ ಈಗ ಆನ್‌ಲೈನಲ್ಲಿ ಸಿಗೋ ಪ್ಲಾಸ್ಟಿಕ್ ಬಾಡಿ ಪೋರ್ಟಬಲ್ ಮಿಷನ್‌ಗಳಿಗಿಂತ ಚೆನ್ನಾಗೇ ಆಗತ್ತೆ. ಆದ್ರೆ ತಗೊಳ್ಳುವಾಗ ಒಂದು ವಿಷಯ ಮಾತ್ರ ಗಟ್ಟಿಯಾಗಿ ಇಟ್ಕೊಳ್ಳಿ, ಪೇಂಟ್ ಹೊಡೆದು ಫಳಫಳ ಹೊಳೆಯೋ ಹಾಗೆ ರೆಡಿ ಮಾಡಿಟ್ಟಿರೋ ಮಿಷನ್ ಬೇಡ, ಕೊಳೆ ಹಿಡ್ಕೊಂಡು ಮೂಲೇಲಿ ಕೂತಿರೋದನ್ನೇ ಹುಡುಕಿ. ಯಾಕೆ ಅಂತ ಮುಂದೆ ಹೇಳ್ತೀನಿ.

ನನ್ನತ್ರ ಇರೋದು ಸಿಂಗರ್ 15ಕೆ, ಬೀಡಿನ (ಎರಕದ ಕಬ್ಬಿಣದ) ಸ್ಟ್ಯಾಂಡ್ ಸಮೇತ ಕಾಲ್ಮಿಷನ್ನು, ಒಂದು ಮನೆ ಖಾಲಿ ಮಾಡ್ತಿದ್ದೋರ ಹತ್ರ 5,500ಕ್ಕೆ ತಗೊಂಡೆ. 15 ಅನ್ನೋದು ಮಾಡೆಲ್ಲು, ಕೆ ಅಂದ್ರೆ ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕಿನ ಕಿಲ್ಬೋವಿ ಫ್ಯಾಕ್ಟರಿಲಿ ಮಾಡಿದ್ದು ಅಂತ. ಆ ಫ್ಯಾಕ್ಟರಿ 1885ರಲ್ಲಿ ಶುರುವಾಗಿ 1980ರಲ್ಲಿ ಮುಚ್ಚಿಹೋಯ್ತು, ಆದ್ರೂ ಅಲ್ಲಿ ರೈಲ್ವೆ ಸ್ಟೇಷನ್ ಹೆಸರು ಇವತ್ತಿಗೂ ಸಿಂಗರ್ ಅಂತಲೇ ಇದೆ. ನಮ್ಮ ಕಡೆ ಅಜ್ಜಿ ಕಾಲದ ಕಪ್ಪು ಸಿಂಗರ್ ಅಂತ ಸಿಗೋದ್ರಲ್ಲಿ ಬಹಳಷ್ಟು ಅಲ್ಲಿಂದ ಬಂದಿದ್ದೇ. ಮಿಷನ್ನಿನ ಬಲಗಡೆ ಬುಡದಲ್ಲಿ ಅಚ್ಚಾಗಿರೋ ನಂಬರ್ ನೋಡಿ, ಮುಂದೆ ವೈ ಅಂತ ಒಂದೇ ಅಕ್ಷರ ಇರಬಹುದು ಅಥವಾ ಇಎ, ಇಬಿ, ಇಸಿ ಥರ ಎರಡಕ್ಷರ ಇರಬಹುದು, ಎರಡೂ ಕ್ಲೈಡ್‌ಬ್ಯಾಂಕಿನದೇ. ಕಂಬದ ಮೇಲೆ ಹಿತ್ತಾಳೆ ಬ್ಯಾಡ್ಜ್ ಇರತ್ತೆ. ಕೆಲವದಕ್ಕೆ 1851–1951 ಅಂತ ನೂರನೇ ವರ್ಷದ ನೀಲಿ ಅಂಚಿನ ಬ್ಯಾಡ್ಜ್ ಇರತ್ತೆ, ಅದಕ್ಕೆ ಜಾಸ್ತಿ ರೇಟ್ ಕೇಳ್ತಾರೆ, ಸಂಗ್ರಹ ಮಾಡೋರಿಗೆ ಅದು ಬೇಕು, ಹೊಲಿಯೋರಿಗೆ ಅದರಿಂದ ಏನೂ ಉಪಯೋಗ ಇಲ್ಲ.

ಕ್ವಿಲ್ಟಿಂಗ್‌ಗೆ ಹಳೇ ಸಿಂಗರ್ ಅಂದ ತಕ್ಷಣ ವಿಡಿಯೋಗಳಲ್ಲೆಲ್ಲ 221 ಫೆದರ್‌ವೇಟೇ ತೋರಿಸ್ತಾರೆ, 1933ರಲ್ಲಿ ಬಂದ ಅಲ್ಯೂಮಿನಿಯಂ ಬಾಡಿದು, ಐದು ಕಿಲೋ ಆಸುಪಾಸು ತೂಕ, ಅಮೆರಿಕದ ಕ್ವಿಲ್ಟ್ ಹೊಲಿಯೋರಿಗೆ ಅದು ಅಂದ್ರೆ ಪ್ರಾಣ. ಚೆನ್ನಾಗಿದೆ ನಿಜ, ಆದ್ರೆ ಇಲ್ಲಿ ಸಿಗೋದು ಬಲು ಅಪರೂಪ, ಸಿಕ್ಕಿದ್ರೂ ರೇಟ್ ಕೇಳೋ ಹಾಗಿಲ್ಲ, ಅಲ್ಲಿಂದ ತರಿಸಿದ್ರೆ ಮೋಟರ್ ನಮ್ಮ ಕರೆಂಟಿಗೆ ಹೊಂದಲ್ಲ. 66ಕೆ ಒಳ್ಳೇದು, ಬಾಬಿನ್ (ಕೆಳಗಿನ ದಾರ ಸುತ್ತೋ ಚಿಕ್ಕ ಉರುಳೆ) ಮೇಲಿಂದ ಹಾಕೋದು, ಆದ್ರೆ ಅದರ ಬಾಬಿನ್ನೇ ಬೇರೆ ಅಳತೆ, ಪ್ರತಿ ಸಲ ಹುಡುಕಬೇಕು. ದೋಣಿ ಥರ ಉದ್ದ ಶಟಲ್ (ಕೆಳಗಿನ ದಾರ ಇಟ್ಕೊಂಡು ಓಡಾಡೋ ಭಾಗ) ಇರೋ 28ಕೆ, 128ಕೆ ಕೈಮಿಷನ್‌ಗಳು ನೋಡೋಕೆ ಬಹಳ ಚೆಂದ, ನಂಗೂ ಇಷ್ಟ, ಆದ್ರೆ ಒಂದು ಕೈಲಿ ಚಕ್ರ ತಿರುಗಿಸ್ತಾ ಇನ್ನೊಂದು ಕೈಲಿ ಡಬಲ್ ಕಾಟ್ ಸೈಜಿನ ಬಟ್ಟೆ ಸಂಭಾಳಿಸೋದು ಬೇಡಪ್ಪ. 15 ಯಾಕೆ ಅಂದ್ರೆ, ನಮ್ಮ ದೇಶದ ಉಷಾ, ಮೆರಿಟ್, ರೀಟಾ ಕಪ್ಪು ಮಿಷನ್‌ಗಳೆಲ್ಲ ಹೆಚ್ಚುಕಮ್ಮಿ ಇದೇ ಡಿಸೈನಲ್ಲಿ ಬಂದಿರೋದು, ಹಾಗಾಗಿ ಬಾಬಿನ್, ಶಟಲ್, ಸ್ಪ್ರಿಂಗ್, ಸ್ಕ್ರೂ ಏನೇ ಹೋಗ್ಲಿ, ಬೆಂಗಳೂರಿನ ಚಿಕ್ಕಪೇಟೆಗೆ ಹೋದ್ರೆ ಸಿಗತ್ತೆ, ಚಿಕ್ಕ ಊರಲ್ಲೂ ಟೈಲರಿಂಗ್ ಸಾಮಾನಿನ ಅಂಗಡಿಲಿ ಸಿಗತ್ತೆ. ಹಳೇ ಮಿಷನ್ ತಗೊಳ್ಳೋರಿಗೆ ಇದಕ್ಕಿಂತ ದೊಡ್ಡ ನೆಮ್ಮದಿ ಬೇರೆ ಇಲ್ಲ.

ಈಗ ಪೇಂಟ್ ವಿಷಯ. ನಮ್ಮ ಚಿಕ್ಕಮ್ಮನ ಹತ್ರ ಒಂದು ಸಿಂಗರ್ ಇತ್ತು, ಬಂಗಾರದ ಬಣ್ಣದ ಬಳ್ಳಿ ಚಿತ್ತಾರ ಅಲ್ಪಸ್ವಲ್ಪ ಸವೆದಿತ್ತು ಅಷ್ಟೇ, ಸರ್ವೀಸಿಗೆ ಅಂತ ಒಂದು ಅಂಗಡಿಗೆ ಕೊಟ್ರೆ ಅವರು ಕೇಳದೆ ಮಾಡದೆ ಇಡೀ ಮಿಷನ್ನಿಗೆ ಕಪ್ಪು ಸ್ಪ್ರೇ ಹೊಡೆದು ಮೇಲೆ ಸ್ಟಿಕ್ಕರ್ ಅಂಟಿಸಿ ಕೊಟ್ಬಿಟ್ರು. ಚಿತ್ತಾರ ಹೋಯ್ತು, ಅದು ಒಂದು ಕಡೆ. ಎಣ್ಣೆ ಬಿಡೋ ತೂತುಗಳ ಒಳಗೆಲ್ಲ ಪೇಂಟ್ ಇಳಿದು ಗಟ್ಟಿಯಾಗಿತ್ತು, ಎಣ್ಣೆ ಒಳಗೆ ಹೋಗ್ತಾನೇ ಇರ್ಲಿಲ್ಲ, ಸೂಜಿ ಕಂಬಿ ಓಡಾಡೋ ಜಾಗದಲ್ಲೂ ಪೇಂಟು, ಆರು ತಿಂಗಳಲ್ಲಿ ಮಿಷನ್ ಕಿರುಚೋಕೆ ಶುರು. ಕೆಲವು ಕಡೆ ಹೀಗೇ ಪೇಂಟ್ ಮಾಡಿ ಒಳಗೆ ಸವೆದಿರೋದನ್ನ ಮುಚ್ಚಿಡ್ತಾರೆ, ಇನ್ನೂ ಕೆಲವು ಕಡೆ ಯಾವುದೋ ಲೋಕಲ್ ಬಾಡಿಗೆ ಸಿಂಗರ್ ಸ್ಟಿಕ್ಕರ್ ಹಾಕಿ ಆಂಟಿಕ್ ಅಂತ ಮಾರ್ತಾರೆ. ಕಂಡುಹಿಡಿಯೋಕೆ ಒಂದು ದಾರಿ ಇದೆ, ಒರಿಜಿನಲ್ ಸಿಂಗರ್ ಪಾರ್ಟುಗಳ ಮೇಲೆ ಪಾರ್ಟ್ ನಂಬರ್ ಜೊತೆ ಸಿಮ್ಯಾಂಕೋ ಅಂತ ಚಿಕ್ಕದಾಗಿ ಅಚ್ಚಿರತ್ತೆ, ಸಿಂಗರ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ ಅನ್ನೋದನ್ನ ಕತ್ತರಿಸಿ ಮಾಡಿದ ಹೆಸರು ಅದು, ಪ್ರೆಸರ್ ಫೂಟ್ (ಬಟ್ಟೆ ಒತ್ತಿ ಹಿಡಿಯೋ ಕಾಲು) ಬಿಚ್ಚಿ ಹಿಂದೆ ನೋಡಿ, ಮಿಷನ್ ಮಗುಚಿ ಕೆಳಗಡೆ ಪಾರ್ಟುಗಳನ್ನ ನೋಡಿ.

ಕೊಳೆ ಇರೋ ಮಿಷನ್ನಲ್ಲಿ ಮುಕ್ಕಾಲು ಪಾಲು ರೋಗ ಒಂದೇ, ಹಳೇ ಎಣ್ಣೆ. ಎಣ್ಣೆ ವರ್ಷಗಟ್ಲೆ ಹಾಗೇ ಬಿಟ್ರೆ ಕಂದು ಅಂಟಾಗಿ ಆಮೇಲೆ ವಾರ್ನಿಷ್ ಆಗ್ಬಿಡತ್ತೆ, ಚಕ್ರ ತಿರುಗಲ್ಲ, ಜನ ಜಾಮ್ ಆಗಿದೆ ಗುಜರಿಗೆ ಹಾಕಿ ಅಂತಾರೆ. ನಮ್ಮ ಮನೆಗಳಲ್ಲಿ ಇನ್ನೊಂದು ಅಭ್ಯಾಸ, ಕೈಗೆ ಸಿಕ್ಕಿದ ಕೊಬ್ಬರಿ ಎಣ್ಣೆ ಬಿಡೋದು. ದಯವಿಟ್ಟು ಬಿಡ್ಬೇಡಿ, ಅದು 24 ಡಿಗ್ರಿ ಕೆಳಗೆ ಹೋದ್ರೆ ಹೆಪ್ಪುಗಟ್ಟತ್ತೆ, ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ ಬಾಟಲಿಲಿ ನೋಡಿರ್ತೀರಲ್ಲ, ಮಿಷನ್ ಒಳಗೂ ಅದೇ ಆಗೋದು, ಮೇಲೆ ವರ್ಷ ಕಳೆದ ಹಾಗೆ ಅಂಟಾಗತ್ತೆ.

ನಾನು ಮಾಡಿದ್ದು ಹೀಗೆ. ಸೀಮೆಎಣ್ಣೆ ಸಿಗೋದೇ ಕಷ್ಟ ಈಗ, ಸಿಕ್ಕಿದಷ್ಟನ್ನ ಹಳೇ ಟೂತ್‌ಬ್ರಶ್ಶಲ್ಲಿ ಅದ್ದಿ ಒಳಗಿನ ಕಬ್ಬಿಣದ ಭಾಗಗಳಿಗೆ ಮಾತ್ರ ಹಚ್ಚಿ ಉಜ್ಜಿದೆ, ಮುಖದ ಪ್ಲೇಟ್ ಬಿಚ್ಚಿದ್ರೆ ಸೂಜಿ ಕಂಬಿ, ಪ್ರೆಸರ್ ಕಂಬಿ ಎರಡೂ ಕಾಣತ್ತೆ, ಅಲ್ಲಿಂದ ಶುರು ಮಾಡಿ. ಎಲ್ಲಿ ಅಲುಗಾಡ್ತಾ ಇಲ್ವೋ ಅಲ್ಲಿಗೆ ಸೀಮೆಎಣ್ಣೆ ಪೂರ್ತಿ ಒರೆಸಿ ತೆಗೆದ ಮೇಲೆ ಹೇರ್ ಡ್ರೈಯರ್ ಬಿಸಿಗಾಳಿ ಕೊಟ್ಟು ಮಿಷನ್ ಎಣ್ಣೆ ಬಿಡಿ. ಬಲವಂತ ಮಾಡಿ ತಿರುಗಿಸ್ಬೇಡಿ, ಒಂದು ರಾತ್ರಿ ಬಿಡಿ, ಬೆಳಗ್ಗೆ ಸ್ವಲ್ಪ ಅಲ್ಲಾಡತ್ತೆ, ಮತ್ತೆ ಎಣ್ಣೆ, ಮತ್ತೆ ಬಿಡಿ. ಕೊನೆಗೆ ಚಕ್ರ ಒಂದು ಪೂರ್ತಿ ಸುತ್ತು ಬಂದಾಗ ಎಷ್ಟು ಖುಷಿ ಆಗತ್ತೆ ಗೊತ್ತಾ! ಸೀಮೆಎಣ್ಣೆ ಬರೀ ಕ್ಲೀನ್ ಮಾಡೋಕೆ, ಅದನ್ನ ಪೂರ್ತಿ ಒರೆಸಿ ತೆಗೆದು ಒಳ್ಳೆ ಮಿಷನ್ ಎಣ್ಣೆ ಬಿಡ್ಲೇಬೇಕು. ಡಬ್ಲ್ಯುಡಿ-40 ಸ್ಪ್ರೇ ಕೂಡ ಹಾಗೇನೇ, ಅದನ್ನ ಎಣ್ಣೆ ಅಂದ್ಕೊಂಡು ಹೊಡೆದು ಬಿಡ್ಬೇಡಿ.

ಶಟಲ್ ಜಾಗ ಬಿಚ್ಚಿದ್ರೆ ಆಶ್ಚರ್ಯ ಕಾದಿರತ್ತೆ. ನನ್ನದರಲ್ಲಿ ಬಟ್ಟೆ ಜುಂಗು, ಎಣ್ಣೆ, ತುಂಡಾದ ದಾರ ಎಲ್ಲ ಸೇರಿ ಒತ್ತಿಕೊಂಡು ಕಂಬಳಿ ಚೂರಿನ ಥರ ಗಟ್ಟಿಯಾಗಿ ಕೂತಿತ್ತು, ಫೀಡ್ ಡಾಗ್ (ಬಟ್ಟೆನ ಮುಂದಕ್ಕೆ ತಳ್ಳೋ ಭಾಗ) ಹಲ್ಲುಗಳ ಸಂದಿಲೂ ಅದೇ, ಪಿನ್ನಲ್ಲಿ ಕೆದಕಿ ಕೆದಕಿ ತೆಗೆದೆ. ಯಾರೋ ಕೆಂಪು ದಾರದಲ್ಲಿ ಹೊಲಿದಿದ್ದು, ಯಾರೋ ಹಸಿರಲ್ಲಿ, ಎಲ್ಲ ಪದರ ಪದರವಾಗಿ ಬಂತು. ಹಲ್ಲುಗಳು ಇನ್ನೂ ಚೂಪಾಗಿದ್ವು, ಅದು ನೋಡಿನೇ ಗೊತ್ತಾಯ್ತು ಮಿಷನ್ ಜಾಸ್ತಿ ದುಡಿದಿಲ್ಲ ಅಂತ. ಟೆನ್ಷನ್ ಡಿಸ್ಕ್ (ಮೇಲಿನ ದಾರನ ಬಿಗಿ ಹಿಡಿಯೋ ಬಿಲ್ಲೆ) ಎರಡನ್ನೂ ಬಿಚ್ಚಿ ಒರೆಸಿ, ಅದರ ಮಧ್ಯ ಹಳೇ ದಾರದ ಒಂದು ಎಳೆ ಸಿಕ್ಕಿಕೊಂಡಿದ್ರೂ ಹೊಲಿಗೆ ಸಡಿಲ ಆಗತ್ತೆ, ಜನ ಅದಕ್ಕೆ ಮಿಷನ್ನೇ ಕೆಟ್ಟಿದೆ ಅಂತಾರೆ.

ಮಿಷನ್ ತಲೆಯ ಕೈಚಕ್ರ ಬಿಚ್ಚಿದ್ರೆ ಒಳಗೆ ಮೂರು ಕಾಲಿನ ವಾಷರ್ ಬರತ್ತೆ, ಬಿಚ್ಚೋಕೆ ಮುಂಚೆ ಫೋಟೋ ತೆಕ್ಕೊಳ್ಳಿ, ಅದನ್ನ ಉಲ್ಟಾ ಹಾಕಿದ್ರೆ ಬಾಬಿನ್ ಸುತ್ತುವಾಗ ಸೂಜಿ ನಿಲ್ಲಲ್ಲ ಅಥವಾ ಚಕ್ರ ಹಿಡಿಯೋದೇ ಇಲ್ಲ. ಬಾಬಿನ್ ವೈಂಡರ್‌ನ ರಬ್ಬರ್ ರಿಂಗ್ ಒಣಗಿ ಕಲ್ಲಾಗಿರತ್ತೆ, ಹೊಸದು ಹಾಕಿ, ನಾಲ್ಕು ಕಾಸಿನ ವಸ್ತು. ಚರ್ಮದ ಬೆಲ್ಟೂ ಹೊಸದೇ ಹಾಕ್ಸಿ, ಒಂದಷ್ಟು ದಿನಕ್ಕೆ ಎಳೆದು ಸಡಿಲ ಆಗತ್ತೆ, ಕತ್ತರಿಸಿ ಮತ್ತೆ ಕ್ಲಿಪ್ ಹಾಕ್ಬೇಕು.

ಹೊರಗಿನ ಕಪ್ಪು ಮೈ ಒರೆಸೋಕೆ ಮಿಷನ್ ಎಣ್ಣೆ ಅದ್ದಿದ ಹತ್ತಿ ಬಟ್ಟೆ ಸಾಕು. ಸ್ಪಿರಿಟ್, ಥಿನ್ನರ್, ಸ್ಯಾನಿಟೈಸರ್, ಗಾಜು ಒರೆಸೋ ಲಿಕ್ವಿಡ್ ಯಾವುದೂ ಹತ್ರ ತರ್ಬೇಡಿ. ಬಂಗಾರದ ಚಿತ್ತಾರದ ಮೇಲೆ ಅರಗಿನ ಷೆಲ್ಲಾಕ್ ಪದರ ಇರತ್ತೆ, ಸ್ಪಿರಿಟ್ ಬಿದ್ರೆ ಅದು ಕರಗಿ ಕೆಳಗಿನ ಬಂಗಾರ ಬೆಳ್ಳಿ ಬಣ್ಣಕ್ಕೆ ತಿರುಗಿ ಆಮೇಲೆ ಎದ್ದೇ ಹೋಗತ್ತೆ, ವಾಪಸ್ ಬರಲ್ಲ.

ಹೊಲಿಗೆ ಹೇಗೆ? ಅದ್ಭುತ. ಇದು ನೇರ ಹೊಲಿಗೆ ಮಾತ್ರ ಮಾಡತ್ತೆ, ಅದಕ್ಕೇ ಪ್ಲೇಟಲ್ಲಿ ಸೂಜಿ ತೂತು ಚಿಕ್ಕದು, ಜಿಗ್‌ಜಾಗ್ ಮಿಷನ್ನಲ್ಲಿ ತೂತು ಅಗಲ ಇರೋದ್ರಿಂದ ಚಿಕ್ಕ ತುಂಡುಗಳ ಮೂಲೆನ ಒಳಗೆ ನುಂಗಿಬಿಡತ್ತೆ, ಇಲ್ಲಿ ಆ ಕಾಟ ಇಲ್ಲ. ಅಂಚಿಂದ ಕಾಲು ಇಂಚು ಬಿಟ್ಟು ಹೊಲಿಯೋಕೆ ಲೋ ಶಾಂಕ್ (ಗಿಡ್ಡ ಪ್ರೆಸರ್ ಕಂಬಿಗೆ ಹೊಂದೋ) ಕಾಲಿಂಚು ಫೂಟ್ ತರಿಸ್ಕೊಳ್ಳಿ, ಸೀದಾ ಕೂರತ್ತೆ. ಮಿಷನ್ನಿನ ಬೆಡ್ (ಬಟ್ಟೆ ಕೂರೋ ಸಮತಟ್ಟು ಜಾಗ) ಮೇಲೆ ಸೂಜಿ ಬಲಗಡೆ ಎರಡು ಸ್ಕ್ರೂ ತೂತು ಇರತ್ತೆ, ಅದು ಬಟ್ಟೆ ಗೈಡ್ ಹಾಕೋಕೆ, ಅಳತೆ ಒಂದೇ ಸಮ ಬರತ್ತೆ. ತುಂಡು ಜೋಡಿಸುವಾಗ ಇಂಚಿಗೆ ಹನ್ನೆರಡು ಹೊಲಿಗೆ ಇಟ್ಕೊಳ್ತೀನಿ, ಪದರಗಳನ್ನ ಸೇರಿಸಿ ಹೊಲಿಯುವಾಗ ಎಂಟು. ಕಾಲಲ್ಲಿ ತುಳಿಯೋದ್ರಿಂದ ಎರಡೂ ಕೈ ಖಾಲಿ, ಒಂದೊಂದೇ ಹೊಲಿಗೆ ಇಟ್ಟು ಮೂಲೆಲಿ ನಿಲ್ಲಿಸಬಹುದು, ಆ ಹಿಡಿತ ಮೋಟರಲ್ಲಿ ಬರೋದೇ ಇಲ್ಲ.

ನಂದು ಉತ್ತರ ಕರ್ನಾಟಕದ ಕಡೆ ಮನೆ, ಹಳೇ ಕಾಟನ್ ಸೀರೆ, ಧೋತರ ಪದರ ಹಾಕಿ ಕೌದಿ ಹೊಲಿಯೋದು ನೋಡಿಕೊಂಡೇ ಬೆಳೆದಿದ್ದು. ನಾಲ್ಕೈದು ಪದರ ಸೀರೆ 16ನೇ ನಂಬರ್ ಸೂಜಿಲಿ ಈ ಮಿಷನ್ ಸಲೀಸಾಗಿ ಹೊಲಿಯತ್ತೆ, ಒಂದು ಸಲನೂ ತಡವರಿಸಿಲ್ಲ. ಆದ್ರೆ ಮಿಷನ್ ಕೌದಿ ಬೇರೆ, ಕೈ ಕೌದಿ ಬೇರೆ, ಕೈ ಹೊಲಿಗೆದು ತೊಳೆದಷ್ಟೂ ಮೆತ್ತಗಾಗಿ ಸುಕ್ಕು ಬರತ್ತಲ್ಲ, ಮಿಷನ್ನಿಂದು ಸ್ವಲ್ಪ ಬಿಗಿಯಾಗೇ ಇರತ್ತೆ. ನಾನು ತುಂಡು ಜೋಡಿಸೋದು ಮಿಷನ್ನಲ್ಲಿ, ಪದರ ಹೊಲಿಯೋದು ಆದಷ್ಟೂ ಕೈಲಿ. ಯಲ್ಲಾಪುರ, ಹಳಿಯಾಳ ಕಡೆ ಸಿದ್ದಿ ಸಮುದಾಯದ ಹೆಂಗಸರು ಅಂಚಿಂದ ಶುರು ಮಾಡಿ ಸುತ್ತು ಹಾಕ್ತಾ ನಡುವಿಗೆ ಬರೋ ಹಾಗೆ ಹೊಲಿಯೋ ಕವಂದಿ (ಅವರ ಕೌದಿ), ಮೂಲೆಗೆ ಮಡಿಚಿ ಮಡಿಚಿ ಇಡೋ ಫುಲ, ಅದನ್ನೆಲ್ಲ ಯಾವ ಮಿಷನ್ನೂ ಮಾಡಕ್ಕಾಗಲ್ಲ, ಪ್ರಯತ್ನ ಮಾಡೋದೂ ಬೇಡ.

ಮೈನಸ್ ಪಾಯಿಂಟ್ ಇದೆ. ಹಳೇ 15ರಲ್ಲಿ ಹೊಲಿಗೆ ಉದ್ದಕ್ಕೆ ತಿರುಪು ಸ್ಕ್ರೂ ಇದ್ರೆ ರಿವರ್ಸ್ ಇರಲ್ಲ, ಮೇಲೆ ಕೆಳಗೆ ಮಾಡೋ ಲಿವರ್ ಇದ್ರೆ ಸಾಮಾನ್ಯವಾಗಿ ಇರತ್ತೆ. ಫ್ರೀ ಮೋಷನ್ (ಬಟ್ಟೆನ ಕೈಲೇ ಬೇಕಾದ ಕಡೆ ಸರಿಸ್ತಾ ಹೊಲಿಯೋದು) ಮಾಡೋರಿಗೆ ಫೀಡ್ ಡಾಗ್ ಕೆಳಗಿಳಿಸೋ ಸೌಕರ್ಯ ಎಲ್ಲದರಲ್ಲೂ ಇಲ್ಲ, ಇಲ್ಲದಿದ್ರೆ ಹಲ್ಲುಗಳ ಮೇಲೆ ತೂತು ಮಾಡಿದ ತೆಳು ಕಾರ್ಡ್ ಅಂಟಿಸಿ ಕೆಲಸ ನಡೆಸಬಹುದು. ಬಾಬಿನ್ ಕೇಸ್ (ಬಾಬಿನ್ ಕೂರೋ ಚಿಕ್ಕ ಡಬ್ಬಿ) ತಗೊಳ್ಳುವಾಗ ಹಳೇದನ್ನ ಜೊತೆಗೆ ಒಯ್ಯಿರಿ, ಕೊಂಬಿನ ದಿಕ್ಕು ಎರಡು ಥರ ಬರತ್ತೆ, ತಪ್ಪು ಕೇಸ್ ಒಳಗೆ ಕೂರೋದೇ ಇಲ್ಲ. ತೂಕನೂ ಇದೆ, ತಲೆ ಒಂದೇ ಹತ್ತು ಕಿಲೋಗಿಂತ ಜಾಸ್ತಿ, ಸ್ಟ್ಯಾಂಡ್ ಅಂತೂ ಇಬ್ಬರು ಹಿಡಿಬೇಕು, ಲಿಫ್ಟ್ ಇಲ್ಲದ ಮೂರನೇ ಮಹಡಿ ಬಾಡಿಗೆ ಮನೆ ಆದ್ರೆ ಯೋಚನೆ ಮಾಡಿ. ನನ್ನ ರೇಟಿಂಗ್ 5ಕ್ಕೆ 4.5.

ರೇಟಿನ ಬಗ್ಗೆ ಇನ್ನೊಂದು ಮಾತು. ಕೆಲವರು ಹಳೇ ಸಿಂಗರ್‌ಗೆ ಲಕ್ಷಗಟ್ಲೆ ಹೇಳ್ತಾರೆ, ಒಳಗೆ ಕೆಂಪು ಪಾದರಸ ಇದೆ ಅಂತ. 2009ರಲ್ಲಿ ಸೌದಿ ಅರೇಬಿಯಾದಲ್ಲಿ ಈ ವದಂತಿ ಹಬ್ಬಿ ಜನ ಹಳೇ ಮಿಷನ್‌ಗೆ ಮುಗಿಬಿದ್ದಿದ್ರು, ಪೂರ್ತಿ ಸುಳ್ಳು, ಮಿಷನ್ ಒಳಗೆ ಕಬ್ಬಿಣ ಉಕ್ಕು ಬಿಟ್ರೆ ಅಂಥದ್ದೇನೂ ಇಲ್ಲ. ಅಂಥೋರ ಹತ್ರ ಮಾತಿಗೇ ನಿಲ್ಬೇಡಿ.

ಸಂಡೆ ಬಜಾರಿಗೆ ಹೋಗ್ಲಿ, ಯಾರದಾದ್ರೂ ಮನೆಗೆ ಹೋಗ್ಲಿ, ಜೊತೆಗೆ ಎಚ್‌ಎ‌ಎಕ್ಸ್1 (ಮನೆ ಮಿಷನ್ನಿನ ಮಾಮೂಲಿ ಸೂಜಿ ನಂಬರ್) ಹೊಸ ಸೂಜಿ, ಒಳ್ಳೆ ಕಾಟನ್ ದಾರ, ಎರಡು ಪದರ ಬಟ್ಟೆ, ಒಂದು ಬಾಬಿನ್ ಒಯ್ಯಿರಿ. ಮೊದಲು ಚಕ್ರನ ನಿಮ್ಮ ಕಡೆಗೆ ಮೆಲ್ಲಗೆ ತಿರುಗಿಸಿ, ಬಿಗಿ ಇದ್ರೆ ಪರವಾಗಿಲ್ಲ, ಎಣ್ಣೆಗೆ ಬಿಡತ್ತೆ, ಆದ್ರೆ ಕಬ್ಬಿಣಕ್ಕೆ ಕಬ್ಬಿಣ ಟಕ್ ಅಂತ ತಗಲಿ ನಿಂತ್ರೆ ಬೇಡ. ಸೂಜಿ ಕಂಬಿನ ಬೆರಳಲ್ಲಿ ಹಿಡಿದು ಅಲ್ಲಾಡಿಸಿ, ಲಟಲಟ ಅಂದ್ರೆ ಬೇಡ. ಬೀಡಿನ ಸ್ಟ್ಯಾಂಡ್ ಕಾಲಲ್ಲಿ ವೆಲ್ಡಿಂಗ್ ಗುರುತಿದ್ರೆ ಬೆಲೆ ಇಳಿಸಿ ಕೇಳಿ, ಬೀಡಿನ ವೆಲ್ಡಿಂಗ್ ಜಾಸ್ತಿ ದಿನ ನಿಲ್ಲೋದು ಕಷ್ಟ. ದಾರನ ಸೂಜಿಯ ಉದ್ದ ಗೀರು (ತೋಡು) ಇರೋ ಕಡೆಯಿಂದ ಪೋಣಿಸಿ, ಓಡೋ ಸ್ಥಿತಿಲಿದ್ರೆ ಒಂದು ಗೇಣು ಹೊಲಿದು ಬಟ್ಟೆ ತಿರುವಿ ಹಾಕಿ ಎರಡೂ ಕಡೆ ನೋಡಿ, ದುಡ್ಡು ಆಮೇಲೆ ಕೊಡಿ.